ಹಿನ್ನೆಲೆಯಲ್ಲಿ ಮಗುವಿನ ಅಳು

ಜಾವಳಿ, ಜುಲೈ ೨೦೦೬

ವಿಶ್ವವಿದ್ಯಾಲಯದ ಧ್ವನಿಸಂಗ್ರಹ ನೋಡಿಕೊಳ್ಳುವವರಿಗೆ, ದ್ಯಾವಮ್ಮನವರ ಸೊಸೆ ಭುವನಾ ಮಾಡುವ ನಮಸ್ಕಾರಗಳು.

ಹಿಂದೆ ನಿಮ್ಮವರು ನಮ್ಮ ಮನೆಗೆ ಬಂದು ಅತ್ತೆಯವರ ಸೋಬಾನೆ ಪದಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದರು. ಅದರ ವಿವರ ಈಗ ಇಂಟರ್ನೆಟ್ಟಿನಲ್ಲಿದೆಯೆಂದು ಮೈದುನ ಮೂಡಿಗೆರೆಯ ಸೈಬರ್ ಸೆಂಟರಿನಲ್ಲಿ ತೋರಿಸಿದ. ಅತ್ತೆಯ ಹೆಸರು, ನನ್ನ ಹೆಸರು, ಊರು ಎಲ್ಲವೂ ಸರಿಯಾಗಿವೆ. ಕೊನೆಯಲ್ಲಿ ಮಾತ್ರ, 'ದೋಷ: ಹಿನ್ನೆಲೆಯಲ್ಲಿ ಮಗುವಿನ ಅಳು. ಹಾಡನ್ನು ಜಾಲತಾಣಕ್ಕೆ ಹಾಕುವ ಮೊದಲು ತೆಗೆಯಬೇಕು' ಎಂದು ಬರೆದಿದ್ದೀರಿ.

ಅಂದು ಸೀರೆಯ ಜೋಲಿಯಲ್ಲಿ ಮಲಗಿದ್ದವಳು ನನ್ನ ಮಗಳು. ಅತ್ತೆ ಹೇಳಿದ ಸೊಲ್ಲನ್ನು ತಿರುಗಿ ಹೇಳಲು ನಾನೊಬ್ಬಳೇ ಇದ್ದೆ. ಎತ್ತಿಕೊಳ್ಳಲು ಏಳಹೋದರೆ ಅತ್ತೆ, "ಕೂತ್ಕೊಳೇ, ಶುಭದ ಪದ ಅರ್ಧಕ್ಕೆ ಬಿಡ್ಬಾರ್ದು" ಅಂದರು. ಅದೂ ಕ್ಯಾಸೆಟ್ಟಿನಲ್ಲಿರಬೇಕು, ಕೇಳಿ ನೋಡಿ.

ಆ ಮಳೆಗಾಲ ಜ್ವರ ಬಂದು ಮಗು ಉಳಿಯಲಿಲ್ಲ. ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ.

ದಯವಿಟ್ಟು ಆ ಅಳುವನ್ನು ತೆಗೆಯಬೇಡಿ. ಅದು ದೋಷದ ಜಾಗದಲ್ಲಿರುವುದೂ ಬೇಡ. ನಿಮ್ಮ ನಿಯಮ ಒಪ್ಪುವುದಾದರೆ ಹಾಡಿದವರ ಸಾಲಿನಲ್ಲಿ, ಅತ್ತೆಯ ಮತ್ತು ನನ್ನ ಹೆಸರಿನ ಕೆಳಗೆ, ಅವಳನ್ನೂ ಸೇರಿಸಿ.

ಹೆಸರೇನೆಂದು ನೀವು ಕೇಳುತ್ತೀರಿ. ದೀಪಾವಳಿ ಕಳೆದ ಮೇಲೆ ಇಡೋಣವೆಂದಿದ್ದೆವು. 'ಭುವನಾಳ ಮಗಳು' ಎಂದು ಬರೆದುಕೊಳ್ಳಿ.

ಇಂತಿ,
ಭುವನಾ