ಮೂರನೆಯದರ ಗ್ರೇಸ್ ಮಾರ್ಕು

ರೀ ಮೇಷ್ಟ್ರೇ,

ನಾನು ಆಸ್ಪತ್ರೆಗೆ ಹೊರಟೆ. ಊಟ ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ತಿಂದು ನೇರ ಅಲ್ಲಿಗೇ ಬನ್ನಿ.

ಫ್ರಿಜ್ಜಿಗೆ ನೀವು ಅಂಟಿಸಿದ್ದ ಫೋಟೋ ಕಿತ್ತಿಟ್ಟಿದ್ದೀನಿ. ಲ್ಯಾಬಿನಲ್ಲಿ ಬೆಳೀತಿರೋ ನಮ್ಮ ಮೂರು ಭ್ರೂಣಗಳ ಆ ಫೋಟೋನ ಅತ್ತೆ ಪಕ್ಕದ ಮನೆಯವರಿಗೆಲ್ಲ ತೋರಿಸಿ, ಒಂದಕ್ಕೆ ಮಾವನವರ ಮೂಗೇ ಬಂದಿದೆ ಅಂತಿದ್ದಾರೆ. ಐದು ದಿನದ ಗುಳ್ಳೆಗೆ ಮೂಗೆಲ್ಲಿಂದ ಬರ್ಬೇಕು?

ಇನ್ನು ನಿಮ್ಮ ಕೆಂಪು ಇಂಕು. ಲ್ಯಾಬಿನ ಕ್ಯಾಮೆರಾ ಹಗಲೂ ರಾತ್ರಿ ಕಣ್ಣಿಟ್ಟು, ಕಂಪ್ಯೂಟರು ಅಳೆದೂ ಸುರಿದೂ ಒಂದೊಂದಕ್ಕೂ ಮಾರ್ಕು ಕೊಟ್ಟಿದೆ. ಫೋಟೋ ಮೇಲೆ ಅದನ್ನ ಹೊಡೆದುಹಾಕಿ ಮೂರನೆಯದಕ್ಕೆ ಗ್ರೇಸ್ ಮಾರ್ಕು ಹಾಕಿ, ಕೆಳಗೆ ಸಹಿ ಬೇರೆ ಮಾಡಿದ್ದೀರಲ್ಲ, ನಿಮ್ಮನ್ನ ಕೇಳಿದವರು ಯಾರು? ಅದೇನು ನಿಮ್ಮ ಏಳನೇ ಕ್ಲಾಸಿನ ಗಣಿತದ ಪೇಪರಾ? ಡಾಕ್ಟರಮ್ಮನ ಮುಂದೆ "ನಿಧಾನಕ್ಕೆ ಕಲಿಯೋ ಮಕ್ಕಳೇ ಕೊನೆಗೆ..." ಅಂತ ಶುರು ಹಚ್ಕೋಬೇಡಿ. ಕೆಂಪು ಪೆನ್ನು ನನ್ನ ಬ್ಯಾಗಿನಲ್ಲಿದೆ, ಹುಡುಕಬೇಡಿ.

ಬೆಳಿಗ್ಗೆ ಡಾಕ್ಟರಮ್ಮನೇ ಫೋನ್ ಮಾಡಿದ್ರು. ಇವತ್ತು ನನ್ನ ಹೊಟ್ಟೆ ಸೇರೋದು ಕಂಪ್ಯೂಟರ್ ಆರಿಸಿದ ಮೊದಲನೆಯದೇ. ಎರಡನೆಯದನ್ನ ಫ್ರೀಜ್ ಮಾಡಿಡ್ತಾರಂತೆ. ಮೂರನೆಯದಕ್ಕೆ ತೀರಾ ಕಮ್ಮಿ ಮಾರ್ಕು ಬಂದಿದೆ, ಇಡೋದೋ ಬೇಡವೋ ಅಂತ ಕೇಳಿದ್ರು.

ಇಟ್ಟಿರಿ, ಅದನ್ನ ಅದರ ಮೇಷ್ಟ್ರು ಆಗಲೇ ಪಾಸು ಮಾಡಿದ್ದಾರೆ ಅಂದ್ಬಿಟ್ಟೆ.