ಮುಚ್ಚಳದ ಲೋಟ

ಜೂನ್ ೧೨, ಗುರುವಾರ ಮಧ್ಯಾಹ್ನ

ನನ್ನ ಗುಂಡುಮರಿಗೆ,

ಈ ಹೆಸರಿನಿಂದ ನಿನ್ನನ್ನು ಕರೆದು ಎಂಟು ವರ್ಷವಾಯಿತು. ನಿನಗೆ ಹನ್ನೊಂದು ತುಂಬಿದಾಗ ಅಳತೆ ತೆಗೆಯುತ್ತಿದ್ದ ಟೈಲರಮ್ಮ, ಹುಡುಗಿ ನಿಮ್ಮ ಹಾಗಲ್ಲ ಬಿಡಿ, ಅಪ್ಪನ ಕಡೆ ಹೋಗಿದ್ದಾಳೆ ಅಂತ ನಕ್ಕಳು. ಅಂದಿನಿಂದ ಬಿಟ್ಟೆ. ಹೆಸರು ಬಿಟ್ಟರೆ ಮೈ ಕರಗುತ್ತದೆ ಅಂದುಕೊಂಡಿದ್ದೆನೋ ಏನೋ.

ಹದಿನೈದು ದಿನದಿಂದ ನನ್ನ ಫೋನು ಎತ್ತುತ್ತಿಲ್ಲ ನೀನು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನು ಮಾತು ತೇಲಿಸಿ, ಹವಾಮಾನ ವಿಚಾರಿಸಿ, ಇಟ್ಟುಬಿಡುತ್ತಿದ್ದೆ. ಕಾಗದದಲ್ಲಿ ಬರೆದದ್ದು ಎದುರಿಗೇ ಕೂತಿರುತ್ತದೆ.

ಮೊದಲು ಅವಸರದ ವಿಷಯ. ನಿಮ್ಮಪ್ಪ ಸೋಮವಾರಕ್ಕೆ ರಜೆ ಹಾಕಿದ್ದಾರೆ. ನಿನ್ನ ಹಾಸ್ಟೆಲಿಗೆ ಬಂದು, ವಾರ್ಡನ್ ಹತ್ತಿರ ಮಾತಾಡಿ, ನರ್ಸಿಂಗ್ ಓದು ನಿಲ್ಲಿಸಿ ನಿನ್ನನ್ನು ಮನೆಗೆ ಕರೆತರುತ್ತಾರಂತೆ. ತಿಂದದ್ದನ್ನ ಲೋಟಕ್ಕೆ ಉಗಿಯೋ ಹುಡುಗಿ ರೋಗಿಗಳನ್ನ ಏನು ನೋಡ್ಕೋತಾಳೆ, ಮೊದ್ಲು ಅವಳನ್ನ ಯಾರಾದ್ರೂ ನೋಡ್ಕೋಬೇಕು ಅಂತ ಪದೇ ಪದೇ ಹೇಳುತ್ತಿದ್ದಾರೆ. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ, ಒಮ್ಮೆ ಗೇರು ಹಾಕಿದರೆ ಮುಗಿಯಿತು.

ನೀನು ರಜೆಗೆ ಬಂದಿದ್ದಾಗಿನ ಆ ಭಾನುವಾರದ್ದನ್ನು ನೆನೆಸಿಕೊಂಡರೆ ಈಗಲೂ ಮನಸ್ಸು ಹೇಸುತ್ತದೆ. ಆ ವಾರವೆಲ್ಲ ನನಗೆ ಮನೆ ತೊಳೆಯುವ ಹುಚ್ಚು ಹಿಡಿದಿತ್ತು. ಅಟ್ಟ, ಬೀರುವಿನ ತಳ, ಹಾಸಿಗೆಯ ಸಂದಿ, ಒಂದನ್ನೂ ಬಿಡಲಿಲ್ಲ. ಮನೆ ಖಾಲಿ ಮಾಡ್ತಿದ್ದೀಯೋ, ನನ್ನನ್ನ ಖಾಲಿ ಮಾಡ್ತಿದ್ದೀಯೋ ಅಂತ ನಿಮ್ಮಪ್ಪ ರೇಗಿಸಿದರು. ನಿನ್ನ ಪುಸ್ತಕದ ಕಪಾಟು ಜರುಗಿಸಿ ಅಂತ ಅವರನ್ನು ಹಚ್ಚಿದವಳೂ ನಾನೇ. ಅದರ ಹಿಂದೆ ಆ ಸ್ಟೀಲ್ ಲೋಟ ಸಿಕ್ಕಿತು. ಅವರು ಮುಚ್ಚಳ ತೆಗೆದು ಮೂಸಿದರು. ಯಾರೋ ತಿಕ್ಕಿ ತೊಳೆದಿದ್ದರು. ಆದರೂ ಆ ವಾಸನೆ ಹೋಗುವಂಥದ್ದಲ್ಲ. ಹುಳಿ, ಹಳಸಿದ ಸಿಹಿ, ತೊಳೆಯದ ಬಾಯಿ. ಇದೇನು ಅಂತ ಲೋಟವನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದರು. ಅಗಿದು ಉಗಿಯೋಕೆ ಇಟ್ಕೊಂಡಿದ್ದಾಳೆ ನಿಮ್ಮ ಮುದ್ದಿನ ಮಗಳು ಅಂತ ನಾನು ಕಿರುಚಿದೆ. ಥೂ ಅಂದೆ. ಹೇಸಿಗೆ ಅಂದೆ. ಬಾಗಿಲಲ್ಲಿ ನಿಂತಿದ್ದ ನೀನು ನನ್ನನ್ನೇ ನೋಡಿದೆ. ಮಾರನೆಯ ಬೆಳಿಗ್ಗೆ ಹೊರಟುಹೋದೆ.

ಲೋಟ ನೋಡಿದ ಕೂಡಲೇ ನನಗೆ ಹೇಗೆ ಗೊತ್ತಾಯಿತು ಅಂತ ನಿಮ್ಮಪ್ಪ ಕೇಳಲಿಲ್ಲ. ಹೇಳುತ್ತೇನೆ.

ಬಿಸ್ಕತ್ತಿನ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು. ಅಲ್ಲಿಯವರೆಗೆ ಹಸಿದರೆ ತಿನ್ನುತ್ತಿದ್ದೆ, ತುಂಬಿದರೆ ಏಳುತ್ತಿದ್ದೆ. ತೂಕ ನೋಡುವುದು ಆಲೂಗಡ್ಡೆ ಕೊಳ್ಳುವಾಗ ಮಾತ್ರ ಅಂದುಕೊಂಡಿದ್ದೆ. ಕಾರ್ಖಾನೆಯಲ್ಲಿ ಒಂದು ಬಿಳಿ ಕೋಣೆ, ಉದ್ದದ ಮೇಜು, ನಾವು ಆರು ಜನ. ಒಲೆಯಿಂದ ಬಂದ ಬಿಸ್ಕತ್ತನ್ನು ಕಚ್ಚಿ, ಅಗಿದು, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ, ಮುಚ್ಚಳದ ಲೋಟಕ್ಕೆ ಉಗಿಯಬೇಕು. ನುಂಗುತ್ತಾ ಹೋದರೆ ಮಧ್ಯಾಹ್ನದೊಳಗೆ ಹೊಟ್ಟೆ ಕೆಟ್ಟು, ನಾಲಿಗೆಗೆ ಏನೂ ತಿಳಿಯುವುದಿಲ್ಲ. ಲೋಟಗಳೆಲ್ಲ ಒಂದೇ ಥರ. ಅಪ್ಪಿತಪ್ಪಿ ಪಕ್ಕದವಳದ್ದಕ್ಕೆ ಬಾಯಿ ಇಟ್ಟರೆ ಗತಿಯೇನು ಅಂತ, ನನ್ನದರ ತಳಕ್ಕೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟುಕೊಂಡಿದ್ದೆ. ಸಂಜೆ ಆರೂ ಲೋಟಗಳನ್ನು ಒಂದೇ ಬಕೆಟ್ಟಿಗೆ ಸುರಿಯುತ್ತಿದ್ದೆವು. ಬೆಚ್ಚಗಿನ ಕಂದು ರಾಡಿ, ಮೇಲೆ ನೊರೆ. ಆ ಸದ್ದು ಇನ್ನೂ ಕಿವಿ ಬಿಟ್ಟಿಲ್ಲ.

ಆದರೂ ಅದು ಬರೀ ಕೆಲಸ. ಮನೆಗೆ ಬಂದು ನೆಮ್ಮದಿಯಾಗಿ ಉಣ್ಣುತ್ತಿದ್ದೆ. ನೀನು ಹುಟ್ಟಿದ ಮೇಲೆ ಮೈ ಊದಿತು. ನಿನ್ನನ್ನು ನೋಡಲು ಬಂದ ನಿನ್ನ ಸೋದರತ್ತೆ, ಒಂದು ಹೊರಗೆ ಬಂತು, ಇನ್ನೊಂದು ಒಳಗೇ ಉಳ್ಕೊಂಡಿದೆಯಾ ಅಂತ ಕೇಳಿದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಿಮ್ಮಪ್ಪನೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಅಲ್ಲಿಂದ ಶುರು. ಒಂದು ವರ್ಷ ಬೇಯಿಸಿದ ಎಲೆಕೋಸು. ಮನೆತುಂಬ ಒದ್ದೆ ಕಾಲುಚೀಲದ ನಾತ. ಇನ್ನೊಂದು ವರ್ಷ ಡಬ್ಬಿಯ ಪುಡಿ, ಕುಡಿದರೆ ಗೋಡೆಗೆ ಬಳಿಯುವ ಸುಣ್ಣ ಕುಡಿದ ಹಾಗೆ. ಆಮೇಲೆ ಸಂಜೆ ಆರಕ್ಕೆ ಬಾಯಿಗೆ ಬೀಗ. ಹಗಲೆಲ್ಲ ಬಿಗಿ ಹಿಡಿದಿದ್ದು, ನೀನು ತಟ್ಟೆಯಲ್ಲಿ ಬಿಟ್ಟ ತಣ್ಣನೆಯ ಮೊಟ್ಟೆ, ಜೊಲ್ಲು ಹತ್ತಿದ ಬ್ರೆಡ್ಡು, ಎಲ್ಲವನ್ನೂ ಸಿಂಕಿನ ಹತ್ತಿರ ಕಳ್ಳಿಯ ಹಾಗೆ ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ನಿಂತು ತಿಂದದ್ದು ಊಟವಲ್ಲ ಅನ್ನುವುದು ನನ್ನದೇ ಕಾನೂನು. ಎದುರಿಗೆ ನಿಮ್ಮಪ್ಪ ಅಗಿಯುವ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. ಅವರ ತುಟಿಯ ಮೇಲಿನ ಬೆಣ್ಣೆ ನೋಡಿದರೆ ವಾಕರಿಕೆ. ಅದೇ ಬೆಣ್ಣೆ ನನ್ನ ತುಟಿಗೂ ಹತ್ತಲಿ ಅಂತ ಆಸೆ. ಎರಡೂ ಒಟ್ಟಿಗೇ ಬರುತ್ತಿದ್ದವು, ನಂಬುತ್ತೀಯೋ ಇಲ್ಲವೋ.

ಮೂವತ್ತೈದರಲ್ಲಿ ಒಂದು ಸಂಜೆ ಕಾರ್ಖಾನೆಯ ಲೋಟ ನನ್ನ ಬ್ಯಾಗಿನಲ್ಲಿ ಮನೆಗೆ ಬಂತು. ಕದ ಹಾಕಿಕೊಂಡು ಕೇಕು ಅಗಿದೆ, ಉಗಿದೆ. ನಾಲಿಗೆಗೆ ಸಿಕ್ಕಿತು, ಸೊಂಟಕ್ಕೆ ಸಿಗಲಿಲ್ಲ, ಎಂಥ ಜಾಣೆ ನಾನು ಅಂದುಕೊಂಡೆ. ಹೊಟ್ಟೆ ಪೆದ್ದಲ್ಲ, ಗುಂಡುಮರಿ. ಮೋಸ ಹೋದದ್ದು ಅದಕ್ಕೆ ಗೊತ್ತಾಗುತ್ತದೆ, ದಿನವಿಡೀ ಕೂಗುತ್ತದೆ. ಕೆನ್ನೆ ಊದಿತು, ಒಸಡು ಕೊಳೆಯಿತು, ಎರಡು ದವಡೆಹಲ್ಲು ಹೋದವು. ಪ್ರತಿ ಸಲ ಲೋಟ ತೊಳೆಯುವಾಗ ಇದೇ ಕೊನೆ ಅಂದುಕೊಳ್ಳುತ್ತಿದ್ದೆ. ಆ ಬೆರಳುಗಳಿಂದಲೇ ನಿನ್ನ ಜಡೆ ಹಾಕುತ್ತಿದ್ದೆ.

ಒಂದು ದಿನ ನೀನು ಕದ ತಳ್ಳಿ ಒಳಗೆ ಬಂದೆ. ನಿನಗೆ ಆಗ ಏಳು. ಇದು ಅಮ್ಮನ ಹೋಂವರ್ಕ್ ಅಂತ ಹೇಳಿದೆ. ನೀನು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಿಸ್ಕತ್ತು ಅಗಿದು, ಲೋಟಕ್ಕೆ ಉಗಿದು, ಹತ್ತಕ್ಕೆ ಎಂಟು ಅಂದೆ. ಲೋಟ ಎತ್ತಿ ತಳದ ಚುಕ್ಕೆ ನೋಡಿ, ಅಮ್ಮನ ಲೋಟಕ್ಕೆ ಕುಂಕುಮ ಅಂತ ನಕ್ಕೆ. ನಾನು ಏನು ಮಾಡಿದೆ ಗೊತ್ತೆ? ಭೇಷ್ ಅಂದೆ. ಮಗುವಿನ ಬಾಯಿಂದ ತುತ್ತು ಹೊರಗೆ ಬಿದ್ದದ್ದಕ್ಕೆ ಬೆನ್ನು ತಟ್ಟಿದೆ. ನನ್ನಂಥ ತಾಯಿಗೆ ಏನು ಹೇಳಬೇಕು?

ಏಳು ವರ್ಷದ ಹಿಂದೆ ಕಾರ್ಖಾನೆ ಬಿಟ್ಟು ಮನೆಯಲ್ಲೇ ಹೊಲಿಗೆ ಶುರು ಮಾಡಿದೆನಲ್ಲ, ಆಗಲೇ ಆ ಚಾಳಿಯನ್ನೂ ಬಿಟ್ಟೆ. ಲೋಟ ಎಲ್ಲಿ ಹೋಯಿತೋ ನೆನಪಿಲ್ಲ. ಆದರೆ ನಿನಗೆ ಕಲಿಸಿದವಳು ನಾನು, ಆದ್ದರಿಂದ ನಿನ್ನ ತಪ್ಪಿನಲ್ಲಿ ನನ್ನ ಪಾಲೂ ಇದೆ. ಈ ಸಲ ನೀನು ಬಂದ ಮೊದಲ ಸಂಜೆ ನನ್ನ ಗದ್ದ ಹಿಡಿದು, ಬಾಯಿ ತೆರೆಸಿ, ಒಸಡು ಯಾಕಮ್ಮ ಹೀಗಿದೆ ಅಂತ ಕೇಳಿದೆ. ಬ್ರಷ್ಷು ಗಡುಸು ಅಂತ ನಾನಂದೆ. ಆಗ ನಾನೂ ನಿನ್ನ ಬಾಯಿ ತೆರೆಸಿ ನೋಡಬೇಕಿತ್ತು. ಇನ್ನಾದರೂ ಬಿಟ್ಟುಬಿಡು ಮಗಳೇ. ನಿಮ್ಮಪ್ಪನನ್ನು ಏನಾದರೂ ಹೇಳಿ ತಡೆಯಲು ನೋಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಬರೆಯಲು ಪೆನ್ನು ಎತ್ತಿದೆ. ಯಾವ ಮುಖ ಹೊತ್ತು ಬರೆಯಲಿ?

ನಿನ್ನ
ಅಮ್ಮ

ತಾ.ಕ.: ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ.

ಲಕೋಟೆ ಅಂಟಿಸುವ ಮುಂಚೆ ಇನ್ನೊಮ್ಮೆ ಓದಿದೆ. ಇಷ್ಟುದ್ದ ಪತ್ರದಲ್ಲೂ ನಿಜವನ್ನು ಅಗಿದು ಅಗಿದು ಉಗಿದಿದ್ದೇನೆ, ನುಂಗಿಲ್ಲ.

ಆ ಭಾನುವಾರ ನಿಮ್ಮಪ್ಪ ಲೋಟ ತಿರುಗಿಸಿದಾಗ ತಳದಲ್ಲಿ ಕೆಂಪು ಚುಕ್ಕೆ ಕಂಡಿತು. ನನಗೂ ಕಂಡಿತು, ನಿನಗೂ ಕಂಡಿತು. ಲೋಟ ನನ್ನದು. ಆ ಚಾಳಿಯನ್ನು ನಾನು ಒಂದು ದಿನವೂ ಬಿಟ್ಟಿರಲಿಲ್ಲ. ನನ್ನ ಒಸಡು ನೋಡಿದ ಮೇಲೆ ನೀನು ಅದನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ತೆಗೆದು, ತೊಳೆದು, ಬಚ್ಚಿಟ್ಟೆ, ಅಮ್ಮ ನಿಲ್ಲಿಸಲಿ ಅಂತ. ಆ ವಾರವೆಲ್ಲ ನಾನು ಮನೆ ತೊಳೆದದ್ದಲ್ಲ, ಅದನ್ನು ಹುಡುಕಿದ್ದು. ಸಿಕ್ಕಾಗ, ನಿಮ್ಮಪ್ಪನ ಕಣ್ಣು ನನ್ನ ಕಡೆ ಹೊರಳುವ ಮುಂಚೆ ನಿನ್ನ ಕಡೆ ಬೆರಳು ತೋರಿಸಿದೆ. ನೀನು ನನ್ನನ್ನು ಬಿಟ್ಟುಕೊಡಲಿಲ್ಲ. ಆ ಥೂ ನನಗೆ ಸೇರಬೇಕಾದದ್ದು.

ಈಗ ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಎಷ್ಟು ವರ್ಷದಿಂದ ಅಂತ ಕೇಳಿದರು. ಹನ್ನೆರಡು ಅಂದೆ. ಎದುರಿಗೇ ಕೂತು ಉಣ್ತಿದ್ದೆ, ಒಂದಿನಾನೂ ತಲೆ ಎತ್ತಿ ನೋಡ್ಲಿಲ್ವಲ್ಲ ಅಂತ ತಮ್ಮನ್ನೇ ಬೈದುಕೊಂಡರು. ಸೋಮವಾರ ನಿನ್ನ ಹತ್ತಿರ ಬರುವುದಿಲ್ಲ. ಆ ರಜೆಯಲ್ಲಿ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ನಿನಗೆ ಫೋನು ಮಾಡಿ ಕ್ಷಮೆ ಕೇಳುತ್ತಾರಂತೆ, ಅವರದ್ದಾದರೂ ಎತ್ತು.

ಆಮೇಲೆ ಒಂದು ತುಂಡು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ನನ್ನ ಮುಂದೆ ಇಟ್ಟು, ಡ್ಯೂಟಿಗೆ ಹೊತ್ತಾದರೂ ಕುರ್ಚಿ ಎಳೆದುಕೊಂಡು ಕೂತರು. ಗಂಟಲು ಅದನ್ನು ಎರಡು ಸಲ ಹಿಂದಕ್ಕೆ ತಳ್ಳಿತು. ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹತ್ತಕ್ಕೆ ಎಷ್ಟು ಅಂತ ಕೇಳಿದರು. ಎರಡು ಅಂದೆ. ಇನ್ನೂ ಹೊಟ್ಟೆಯಲ್ಲೇ ಇದೆ.