ಲಿಂಗಪ್ಪನ ಮಿಲ್ಲಿನ ಬೆಲ್ಟು

ಹಿರೇಗುತ್ತಿ,
ತಾ. ೧೭ ಮೇ ೧೯೭೯, ಗುರುವಾರ

ಪ್ರೀತಿಯ ಮಗಳು ಸರೋಜಾಳಿಗೆ ಅಪ್ಪಯ್ಯನ ಆಶೀರ್ವಾದ.

ಹುಬ್ಬಳ್ಳಿಯ ಬಿಸಿಲಿನಲ್ಲಿ ಹೇಗಿದ್ದೀ ಮಗಾ? ಹೋದ ಕಾಗದದಲ್ಲಿ ಕಣ್ಣುರಿ ಎಂದು ಬರೆದಿದ್ದೆ. ಆಸ್ಪತ್ರೆಯಲ್ಲೇ ಇದ್ದು ಕಲಿಯುವವಳಿಗೆ ನಾನು ಔಷಧ ಹೇಳಬಾರದು, ಆದರೂ ಅಮ್ಮ ಕಟ್ಟಿಕೊಟ್ಟ ಮುರುಗಲ ಸಿಪ್ಪೆ ಉಳಿದಿದ್ದರೆ ನೆನೆಸಿ ಕುಡಿ. ದಾದಿ ಪರೀಕ್ಷೆ ಮಳೆ ಹಿಡಿಯುವ ಮೊದಲೋ ಆಮೇಲೋ ಎಂದು ನೀನು ಬರೆದಿಲ್ಲ. ಇಲ್ಲಿ ನಾವಿಬ್ಬರೂ ಆರಾಮ. ನನ್ನ ಮೊಣಕಾಲು ಆಗಾಗ ಹಿಡಿದುಕೊಳ್ಳುತ್ತದೆ, ನಿನ್ನ ಅಮ್ಮನ ಮಾತು ಎಂದೂ ಹಿಡಿದುಕೊಳ್ಳುವುದಿಲ್ಲ. ಎರಡೂ ನಿನಗೆ ಗೊತ್ತಿದ್ದದ್ದೇ.

ಈಗ ಸುದ್ದಿ ಹೇಳುತ್ತೇನೆ, ಕೂತು ಓದು. ನಿನ್ನ ಮಾವ ಲಿಂಗಪ್ಪ ನಾಯ್ಕನ ಮಿಲ್ಲು ನಿಂತುಹೋಗಿತ್ತು. ಹೊನ್ನಾವರದ ಅಕ್ಕಿ ಮಿಲ್ಲು, ಅದೂ ಮೇ ತಿಂಗಳಲ್ಲಿ! ಸುತ್ತಲಿನ ಹಳ್ಳಿಯವರೆಲ್ಲ ಭತ್ತ ಬೇಯಿಸಿ ಒಣಗಿಸಿ, ಮಳೆಗಾಲಕ್ಕೆ ಅಕ್ಕಿ ಮಾಡಿಸಿಟ್ಟುಕೊಳ್ಳಲು ಮುಗಿಬೀಳುವ ಹೊತ್ತು. ಇಂಜಿನ್ನಿನಿಂದ ಭತ್ತ ಸುಲಿಯುವ ಯಂತ್ರಕ್ಕೆ ಹೋಗುವ ಅಗಲದ ಬೆಲ್ಟು ಪುಲ್ಲಿ ಗಾಲಿಯ ಮೇಲೆ ನಿಲ್ಲುತ್ತಲೇ ಇರಲಿಲ್ಲವಂತೆ. ಹಾಕಿದರೆ ಸ್ವಲ್ಪ ಓಡುವುದು, ಆಮೇಲೆ ಅಂಚಿಗೆ ಸರಿಯುತ್ತ ಸರಿಯುತ್ತ ಫಟ್ಟೆಂದು ಹಾರಿ ಬೀಳುವುದು. ಕುಮಟೆಯಿಂದ ಬಂದ ಫಿಟ್ಟರ್ ಜಾರದಿರಲೆಂದು ರಾಳ ಹಚ್ಚಿ ಹೋದ. ಭಟ್ಕಳದಿಂದ ಬಂದವನು ಬೆಲ್ಟನ್ನು ಕತ್ತರಿಸಿ ಬಿಗಿ ಮಾಡಿದ; ಬಿಗಿ ಮಾಡಿದ ಮೇಲೆ ಇನ್ನೂ ಬೇಗ ಹಾರತೊಡಗಿತು. ಈ ಸುದ್ದಿ ಕೇಳಿದ ದಿನ ನಾನು ಅಮ್ಮನಿಗೆ ಪಾಯಸ ಮಾಡು ಎಂದೆ. ಮಾಡಿದಳು.

ನಿನ್ನ ಟ್ರಂಕನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿ, ಎರಡನೇ ಮಗು ಆಗದವಳು ನಮಗೆ ಬೇಡ ಎಂದು ನಿನ್ನನ್ನು ಕಳಿಸಿದ ಮನೆ ಅದು. ಕಮಲಿಯನ್ನು ನಿನ್ನ ಸೊಂಟದಿಂದ ಕಿತ್ತಿಟ್ಟುಕೊಂಡ ಮನೆ. ಮೊಮ್ಮಗಳನ್ನು ಕೇಳಲು ನಾನು ಹೋದಾಗ ಲಿಂಗಪ್ಪ ನನ್ನನ್ನು ಮಿಲ್ಲಿನ ಅಂಗಳದಲ್ಲಿ, ಭತ್ತ ತಂದ ಹೆಂಗಸರ ಎದುರಿಗೆ ನಿಲ್ಲಿಸಿ ಅಂದ ಮಾತು ನಿನಗೆ ಇಷ್ಟು ದಿನ ಹೇಳಿರಲಿಲ್ಲ. "ಬೊಂಬಾಯಿ ಮಿಲ್ಲಲಿ ಬೆಲ್ಟಿಗೆ ಎಣ್ಣೆ ಹಚ್ತಾ ಇದ್ದವ ಇಲ್ಲೆಂತ ಪಂಚಾತಿಕೆ ಮಾಡೂಕೆ ಬಂದೆ? ಕೂಸು ನಮ್ದು. ಬಸ್ಸಿಗೆ ಹೊತ್ತಾತು, ಹೋಗು." ಹೆಂಗಸರು ನಕ್ಕರು. ಕುಮಟೆಯ ವಕೀಲರು ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಆಗುತ್ತದೆ ಎಂದರು. ಆವತ್ತಿನಿಂದ ಆ ಮನುಷ್ಯ ನನ್ನ ಬಾಗಿಲಿಗೆ ಬರುವ ದಿನಕ್ಕಾಗಿ ಕಾದಿದ್ದೆ.

ಮೊದಲು ಬಂದವನು ನಾಗಪತಿ. ಅಂಗಳದ ತುದಿಯಲ್ಲೇ ನಿಂತು, "ಅಪ್ಪಯ್ಯ ಕಳಸೀರು, ಬೆಲ್ಟು ಒಂಚೂರು ನೋಡೂಕೆ ಬರಬೇಕಂತೆ" ಎಂದ. ನಿನ್ನ ಗಂಡನನ್ನು ಕುಳಿತುಕೋ ಎನ್ನಲಿಲ್ಲ. "ಬಂದು ಕರೀಲಿ ನಿನ್ನ ಅಪ್ಪಯ್ಯ" ಎಂದು ಒಳಗೆ ಹೋದೆ. ಮಾರನೆಯ ದಿನ ಲಿಂಗಪ್ಪನೇ ಬಂದ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು ಬೆವರಿದ್ದ. ಅವನ ಬಾಯಿಂದ ನನ್ನನ್ನು ಕರೆಯುವ "ಮಾಬ್ಲೇಶ್ವರಣ್ಣ" ಎಂಬ ಮಾತು ಕೇಳಿಸಿತು. ಅದನ್ನು ಕೇಳಿದ ಸುಖ ನಿನಗೆ ಹೇಗೆ ಬರೆಯಲಿ!

ಹೋದೆ. ಇಂಜಿನ್ ನಿಲ್ಲಿಸಿ ಎರಡೂ ಪುಲ್ಲಿಗಳ ಮುಖಕ್ಕೆ ದಾರ ಹಿಡಿದೆ, ನೆಟ್ಟಗೇ ಇತ್ತು. ಬೆಲ್ಟಿನ ಜೋಡಣೆ ಓರೆಯಾಗಿ ಕಂಡಿತು. ಇದೇ ತಪ್ಪು ಎಂದುಕೊಂಡು ಬಿಚ್ಚಿ, ಚೌಕ ಹಿಡಿದು ಕತ್ತರಿಸಿ, ಮತ್ತೆ ಜೋಡಿಸಿದೆ. ಖಾಲಿ ಓಡಿಸಿದರೆ ಬೆಲ್ಟು ಅಲುಗಲಿಲ್ಲ. ನಾನು ಬೀಗುತ್ತ ಬೀಡಿ ಹಚ್ಚಿದೆ. ಭತ್ತ ಸುರಿದರು ನೋಡು, ಬೆಲ್ಟು ಹಾರಿ ಬಂದು ನನ್ನ ಕಾಲ ಬುಡಕ್ಕೇ ಬಿತ್ತು. ಲಿಂಗಪ್ಪ, ಗರಜು ಅವನದ್ದಾದರೂ ಸುಮ್ಮನಿರಲಾರದೆ, "ಬೊಂಬಾಯಿ ವಿದ್ಯೆ ಇಷ್ಟೇಯಾ?" ಎಂದ. ಮುಖಕ್ಕೆ ಮಸಿ ಬಳಿದಂತಾಯಿತು.

ಮತ್ತೆ ಬೆಲ್ಟು ಹಾಕಿಸಿ, ಭತ್ತ ಸುರಿಯಲು ಹೇಳಿ, ಈ ಸಲ ಕಣ್ಣಿನ ಬದಲು ಕೈಯಿಂದ ನೋಡಿದೆ. ಯಂತ್ರದ ಹೊರಗಿನ ಬೇರಿಂಗ್ ಕೂತ ಮರದ ತೊಲೆಯ ಮೇಲೆ ಅಂಗೈ ಊರಿದೆ. ಭತ್ತದ ಭಾರ ಬಿದ್ದು ಬೆಲ್ಟು ಜಗ್ಗಿದ ಕೂಡಲೇ ತೊಲೆ ಒಂದು ಪಕ್ಕಕ್ಕೆ ಕುಸಿಯಿತು. ಉಗುರಿನಿಂದ ಕೆರೆದರೆ ಒಳಗೆ ಬರೀ ಮಣ್ಣು. ಗೆದ್ದಲು ತಿಂದು ಟೊಳ್ಳಾಗಿತ್ತು. ಖಾಲಿ ಓಡುವಾಗ ನೆಟ್ಟಗೆ ನಿಲ್ಲುತ್ತದೆ, ಭಾರ ಬಿದ್ದರೆ ವಾಲುತ್ತದೆ. ಪುಲ್ಲಿ ಓರೆಯಾಗಿ ಬೆಲ್ಟು ಜಾರುತ್ತದೆ. ಬಿಗಿ ಮಾಡಿದಷ್ಟೂ ಹೆಚ್ಚು ಜಗ್ಗುತ್ತದೆ. ಇನ್ನೇನು ಹೇಳಬೇಕು, ಅಷ್ಟರಲ್ಲಿ ಹೊಟ್ಟಿನ ರಾಶಿಯ ಕಡೆಯಿಂದ ಒಂದು ಹುಡುಗಿ ಬಂತು. ನಿನ್ನದೇ ಹಣೆ, ನಿನ್ನದೇ ಹುಬ್ಬು. "ನೀ ಯಾರು?" ಎಂದು ಕೇಳಿತು. "ನಿನ್ನ ಅಮ್ಮನ ಅಪ್ಪ" ಎಂದೆ. ಅದು ನನ್ನನ್ನು ಸುಳ್ಳುಗಾರನನ್ನು ನೋಡುವಂತೆ ನೋಡಿ, "ನಂಗೆ ಅಮ್ಮ ಇಲ್ಲ. ಸತ್ತೋತಂತೆ" ಎಂದಿತು.

ಸರೋಜಾ, ಇದನ್ನು ಬರೆಯದೆ ಬಿಡಬೇಕೆಂದಿದ್ದೆ. ಆದರೆ ಆಮೇಲಿನದು ನಿನಗೆ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ನಾನು ಕೈ ಒರೆಸಿಕೊಂಡು ಎದ್ದೆ. "ಎಂತ ಆತು, ಸಿಕ್ತಾ?" ಎಂದು ಲಿಂಗಪ್ಪ ಕೇಳಿದ. ಇಲ್ಲ, ನನಗೂ ತಿಳಿಯಲಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ. ಕೊಳೆತ ತೊಲೆಯ ಮೇಲೆ ಅವನ ಮಿಲ್ಲು ಕುಣಿದು ಕುಣಿದು ಸಾಯಲಿ, ಜನ ಅವನ ಬಾಗಿಲಲ್ಲೇ ಉಗಿದು ಹೋಗಲಿ ಎಂದುಕೊಂಡೆ. ಬದುಕಿರುವ ನನ್ನ ಮಗಳನ್ನು ಸಾಯಿಸಿದವರಿಗೆ ನಾನು ಯಾಕೆ ದಾರಿ ತೋರಿಸಲಿ?

ಕೆಲವು ದಿನ ಹೀಗೇ ಹೋಯಿತು. ಮೊನ್ನೆ ಊಟಕ್ಕೆ ಕೂತಾಗ ಪಕ್ಕದ ಮನೆಯ ದುರ್ಗಪ್ಪ ಹೊನ್ನಾವರದಿಂದ ಸುದ್ದಿ ತಂದ. ಬೆಲ್ಟು ಹಾರಿ ನಾಗಪತಿಯ ಭುಜಕ್ಕೆ ಬಡಿದು ಎಲುಬು ಮುರಿದಿದೆಯಂತೆ. ನಿನಗೆ ಸುಳ್ಳು ಹೇಳುವುದಿಲ್ಲ, ನಾನು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ. ನಿನ್ನ ಮೇಲೆ ಎತ್ತಿದ ಕೈ ಅದೇ ಅಲ್ಲವೇ? ಆಗ ನಿನ್ನ ಅಮ್ಮ ಸೌಟು ಹಿಡಿದುಕೊಂಡೇ ನಿಂತು, "ಕೂಸು ಅಲ್ಲೇ ಹೊಟ್ಟಿನ ರಾಶಿ ಹತ್ರ ಆಡ್ತದೆ ಅಂದ್ರಲ್ಲ ನೀವು?" ಎಂದಳು. ಲಿಂಗಪ್ಪನ ನಾಶದ ಎಣಿಕೆಯಲ್ಲಿ ನನಗೆ ಕಮಲಿಯ ನೆನಪೇ ಬಂದಿರಲಿಲ್ಲ. ಎಂಜಲು ಕೈ ತೊಳೆದವನೇ ಹೆದ್ದಾರಿಗೆ ಓಡಿದೆ. ಮೊಣಕಾಲು ಆವತ್ತು ಹಿಡಿಯಲಿಲ್ಲ.

ಮಿಲ್ಲಿನ ಅಂಗಳ ತುಂಬ ಜನ. ಭತ್ತದ ಮೂಟೆ, ಬುಟ್ಟಿ, ಮೇಲೆ ದಟ್ಟ ಮೋಡ. ಕಮಲಿ ಜಗಲಿಯಲ್ಲಿ ಕೂತಿದ್ದು ಕಂಡ ಮೇಲೆ ನನ್ನ ಸಿಟ್ಟು ತಿರುಗಿ ಬಂತು. ಯಾವ ಅಂಗಳದಲ್ಲಿ ನನ್ನನ್ನು ನಿಲ್ಲಿಸಿದ್ದನೋ ಅಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಲಿಂಗಪ್ಪ, ನಿನ್ನ ಮಿಲ್ಲಿಗೆ ಆದದ್ದೆಂತ ಅಂತ ನಂಗೆ ಗೊತ್ತು. ಇವತ್ತೇ ಸರಿ ಮಾಡ್ತೆ. ಕೂಲಿ ಬೇಡ. ಕೂಸು ಅದರ ಅಮ್ಮನ ಹತ್ರ ಹೋಗಬೇಕು. ಅದಕ್ಕಿಂತ ಮುಂಚೆ, ಅಮ್ಮ ಸತ್ತಿಲ್ಲ ಅಂತ ನಿನ್ನ ಬಾಯಲ್ಲೇ ಅದಕ್ಕೆ ಹೇಳಬೇಕು."

ಅವನು ಹಲ್ಲು ಕಚ್ಚಿದ. ಹುಬ್ಬಳ್ಳಿಯಿಂದ ದೊಡ್ಡ ಮಿಸ್ತ್ರಿಯನ್ನು ಕರೆಸುತ್ತೇನೆ ಎಂದ. ಆಗ ಬುಟ್ಟಿಯ ಪಕ್ಕ ಕೂತಿದ್ದ ಗಂಗಿ ಎದ್ದಳು. ಆವತ್ತು ನಕ್ಕವರಲ್ಲಿ ಅವಳೂ ಒಬ್ಬಳು. "ಲಿಂಗಪ್ಪಣ್ಣಾ, ಮೋಡ ಕಾಣೂದಿಲ್ವಾ ನಿಂಗೆ? ಬದುಕಿದ್ದವಳನ್ನ ಸತ್ತೋತು ಅಂದ್ಯಾ? ಅದರ ಕೂಸು ಅದಕ್ಕೆ ಕೊಡು, ನಮ್ಮ ಅಕ್ಕಿ ನಮ್ಗೆ ಕೊಡು!" ಒಬ್ಬಳು ಎದ್ದದ್ದೇ ಉಳಿದವರೂ ಎದ್ದರು. ಲಿಂಗಪ್ಪ ಕಮಲಿಯ ಹತ್ತಿರ ಹೋಗಿ ಏನೋ ಗೊಣಗಿದ. ನನಗೆ ಕೇಳಲಿಲ್ಲ ಎಂದೆ. ಎರಡನೇ ಸಲ ಗಟ್ಟಿಯಾಗಿ ಹೇಳಿದ: "ನಿನ್ನ ಅಮ್ಮ ಸತ್ತಿಲ್ಲ. ಹುಬ್ಬಳ್ಳಿಲಿ ಅದೆ." ಕೂಸು ನೆಲ ನೋಡುತ್ತ ಕೂತಿತ್ತು. ಲಿಂಗಪ್ಪ ತಲೆ ತಗ್ಗಿಸಿಕೊಂಡು ಒಳಗೆ ಹೋಗುವುದನ್ನು ನಾನು ತೃಪ್ತಿಯಾಗುವಷ್ಟು ನೋಡಿದೆ.

ಹಳೆಯ ತೊಲೆ ತೆಗೆದು ಮತ್ತಿ ಮರದ ತೊಲೆ ಕೂರಿಸಿ, ಬೋಲ್ಟು ಬಿಗಿದು, ಮತ್ತೆ ದಾರ ಹಿಡಿದು ಸರಿ ನೋಡಿದೆ. ಬೆಲ್ಟನ್ನು ತುಸು ಸಡಿಲ ಮಾಡಿದೆ. ಭತ್ತ ಸುರಿದರು. ಅಂಗಳದವರೆಲ್ಲ ಹಿಂದೆ ಸರಿದು ನಿಂತರು. ಬೆಲ್ಟು ಪುಲ್ಲಿಯ ನಡುಮಧ್ಯದಲ್ಲಿ ಓಡುತ್ತಲೇ ಇತ್ತು, ಗಂಗಿಯ ಬುಟ್ಟಿಗೆ ಅಕ್ಕಿ ಬಿತ್ತು. ಇನ್ನು ಕೂಸನ್ನು ಹೊರಡಿಸು ಎಂದೆ. ಆಗ ಲಿಂಗಪ್ಪನ ಧಾಟಿ ಬದಲಾಯಿತು. "ಹೊಸ ಅಂಗಿ ಹೊಲಿಸಬೇಕು, ದಿನ ನೋಡಬೇಕು, ನಾವೇ ಕಳಸ್ತೇವು. ನೀ ಹೋಗು."

ನಾನು ಜಗಳ ಮಾಡಲಿಲ್ಲ. ಇಂಜಿನ್ ನಿಲ್ಲಿಸಿದೆ. ಬೆಲ್ಟು ಕಳಚಿ ಸುತ್ತಿ ಹೆಗಲಿಗೆ ಹಾಕಿಕೊಂಡೆ. "ಕೂಸು ಬಂದ ದಿನ ಇದೂ ಬತ್ತದೆ" ಎಂದು ಹೊರಟೆ. ತಡೆಯಲು ಮುಂದೆ ಬಂದ ಆಳುಗಳನ್ನು ಗಂಗಿಯೂ ಉಳಿದ ಹೆಂಗಸರೂ ತಡೆದರು. ಬಸ್ಸಿನಲ್ಲಿ ಕಂಡಕ್ಟರ್ ಇದೆಂತ ಸಾಮಾನು ಎಂದು ಕೇಳಿದ. ನನ್ನ ಮೊಮ್ಮಗಳು ಎಂದೆ. ಹುಚ್ಚನೆಂದುಕೊಂಡಿರಬೇಕು.

ಈಗ ಬೆಲ್ಟು ನನ್ನ ಮಂಚದ ಕೆಳಗಿದೆ. ಮನೆಯೆಲ್ಲ ರಾಳದ ವಾಸನೆ, ಅಮ್ಮನ ಬೈಗುಳ ಬೇರೆ. ಅವರು ಬರುತ್ತಾರೋ, ಪೊಲೀಸರನ್ನು ಕಳಿಸುತ್ತಾರೋ ಗೊತ್ತಿಲ್ಲ. ಬಂದರೂ ಬಗ್ಗುವವನಲ್ಲ ನಾನು. ನಾಗಪತಿಯ ಭುಜದ ಬಗ್ಗೆ ನನಗೆ ಇವತ್ತಿಗೂ ಬೇಜಾರಿಲ್ಲ. ಕೂಸು ಇರುವ ಕಡೆ ಬಾಯಿ ಮುಚ್ಚಿಕೊಂಡು ಬಂದದ್ದಕ್ಕೆ ಮಾತ್ರ ಇದೆ. ನೀನು ಸಿಟ್ಟಾದರೆ ಅಷ್ಟಕ್ಕೆ ಆಗು.

ಅಮ್ಮ ನಿನ್ನ ತಲೆ ಸವರಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ. ನಿನ್ನ ಕೋಣೆಯ ಗೆಳತಿಯರಿಗೂ ನಮ್ಮ ನೆನಪು ಹೇಳು. ದೇವರು ನಿನ್ನನ್ನು ಗಟ್ಟಿಯಾಗಿಡಲಿ.

ನಿನ್ನ ಅಪ್ಪಯ್ಯ,
ಮಾಬ್ಲೇಶ್ವರ ನಾಯ್ಕ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ಬಂದರು. ಭುಜಕ್ಕೆ ಪಟ್ಟಿ ಕಟ್ಟಿಕೊಂಡ ನಾಗಪತಿ, ಹಿಂದೆ ಕಮಲಿ. ಅಮ್ಮ ಅವನಿಗೆ ನೀರು ಕೊಟ್ಟಳು, ನಾನು ಬೆಲ್ಟು ಕೊಟ್ಟೆ. ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೋದ. ಕೂಸು ಜಗಲಿ ಬಿಟ್ಟು ಒಳಗೆ ಬರುತ್ತಿಲ್ಲ, ಊಟವನ್ನೂ ಮಾಡಿಲ್ಲ. ನಿನ್ನ ಹಳೆಯ ಫೋಟೋ ತೋರಿಸಿದೆ, ಈ ಕಾಗದದಲ್ಲಿ ನಿನ್ನ ಹೆಸರು ಓದಿ ಹೇಳಿದೆ. "ಎಲ್ರೂ ಸುಳ್ಳು ಹೇಳ್ತ್ರು. ಕಂಡ್ಮೇಲೆ ನಂಬ್ತೆ" ಎನ್ನುತ್ತಾಳೆ. ಹುಬ್ಬಳ್ಳಿ ಬಸ್ಸು ಬರುವ ಅಂಕೋಲೆ ಕಡೆಯಿಂದ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಾಳೆ. ಪರೀಕ್ಷೆ ಇದ್ದರೂ ದೊಡ್ಡ ದಾದಿಯವರ ಕಾಲು ಹಿಡಿದಾದರೂ ರಜೆ ಕೇಳು. ಕಾಗದ ಕೈಗೆ ಸಿಕ್ಕ ದಿನವೇ ಹೊರಡು, ಮಗಾ.